ಅಕ್ಕನಿಗೆ ಕಳಿಸಲು ತಿರಕಪ್ಪ ಫೋಟೋ ತೆಗೆಸಿದ್ದು

ಹೂಂಗುಟ್ಟುವವರು ಹತ್ತಿರ ಬನ್ನಿ. ತೂಕಡಿಸುವವರು ಗೋಡೆ ಕಡೆ ಸರಿಯಿರಿ, ನಿಮ್ಮ ತಲೆ ನನ್ನ ಹೆಗಲ ಮೇಲೆ ಬೀಳುವುದು ಬೇಡ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಆ ಊರಿನವರು ಬಂದು, ನಮ್ಮಲ್ಲಿ ಅಂಥ ಪೆದ್ದ ಇರಲೇ ಇಲ್ಲ ಎಂದು ನನ್ನ ಕೂಡ ಜಗಳ ತೆಗೆಯುತ್ತಾರೆ. ಇದ್ದ. ನಾನು ಬಲ್ಲೆ.

ಆ ಊರಿನಲ್ಲಿ ಹಾಲವ್ವ ಎಂಬ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಂದಿಯ ಹಳೆ ಸೀರೆ, ಹಳೆ ಧೋತ್ರ ತಂದು, ತುಂಡಿಗೆ ತುಂಡು ಕೂಡಿಸಿ ಕೌದಿ ಹೊಲಿದು ಕೊಡುತ್ತಿದ್ದಳು. ಆಕೆಗೆ ಇಬ್ಬರು ಮಕ್ಕಳು. ದೊಡ್ಡವಳು ಕೆಂಚವ್ವ, ಚಿಕ್ಕವನು ತಿರಕಪ್ಪ. ನಡುವೆ ಎರಡು ಕೂಸು ಹುಟ್ಟಿ ಹುಟ್ಟಿ ಹೋಗಿದ್ದವು. ಇವನಾದರೂ ಉಳಿಯಲಿ ಎಂದು ಐದು ಮನೆ ಜೋಳ ತಿರಿದು ತಂದು, ತಿರಕಪ್ಪ ಎಂದೇ ಹೆಸರಿಟ್ಟಳು. ಉಳಿದ. ಜೋಳದ ಜೊತೆ ಒಂದು ಹಿಡಿ ಬುದ್ಧಿಯನ್ನೂ ತಿರಿದು ತರಬೇಕಿತ್ತು ಎಂದು ಆಕೆಗೆ ಆಗ ಹೊಳೆಯಲಿಲ್ಲ.

ತಿರಕಪ್ಪ ಹೇಳಿದ ಮಾತು ಮೀರುವವನಲ್ಲ. ತೊಂದರೆಯೇ ಅದು. ಹಾಲು ಉಕ್ಕುತ್ತದೇನೋ ನೋಡಪ್ಪಾ ಅಂದರೆ, ಒಲೆ ಮುಂದೆ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದ. ಉಕ್ಕುವುದನ್ನು ನೋಡುತ್ತಿದ್ದ, ಚೆಲ್ಲುವುದನ್ನು ನೋಡುತ್ತಿದ್ದ, ಒಲೆ ಆರುವುದನ್ನು ನೋಡುತ್ತಿದ್ದ. ಆಮೇಲೆ ಎದ್ದು ಬಂದು, "ಉಕ್ಕಿತವ್ವಾ, ಛಲೋ ಉಕ್ಕಿತು" ಎನ್ನುತ್ತಿದ್ದ. ಹಾಲವ್ವ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಮಗ ಹೀಗೆ. ಮಗಳು ಜಾಣೆ. ಆದರೆ ಮಗಳನ್ನು ಕೊಟ್ಟದ್ದು ದೂರ. ಎರಡು ರೈಲು ಬದಲಿಸಿ ಹೋಗುವ ಊರು, ಮನೆ ತುಂಬ ಮಗ್ಗ, ಮಗ್ಗದ ತುಂಬ ಕೆಲಸ. ಮೊದಲ ನಾಗರಪಂಚಮಿಗೆ ಕರೆತರಲು ಹೋದ ಸೋದರಮಾವ ಬರಿಗೈಯಲ್ಲಿ ಬಂದ. ಮುಂದಿನ ಪಂಚಮಿಗೆ ಕಳಿಸುತ್ತಾರಂತೆ ಅಂದ. ಮುಂದಿನ ಪಂಚಮಿಗೂ ಅದೇ ಮಾತು. ಹಾಗೆ ಒಂಬತ್ತು ಪಂಚಮಿ ಹೋದವು. ಹಾಲವ್ವ ಪ್ರತಿ ಸಲ ಮಗಳ ಪಾಲಿನ ಎಳ್ಳುಂಡಿ, ಶೇಂಗಾ ಉಂಡಿ ಡಬ್ಬಿಯಲ್ಲಿ ತೆಗೆದಿಡುತ್ತಿದ್ದಳು, ಇರುವೆ ಹತ್ತಿದ ಮೇಲೆ ಹೊರಗೆ ಚೆಲ್ಲುತ್ತಿದ್ದಳು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಜೀಕುವಾಗ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕೂರುತ್ತಿದ್ದಳು.

ಹೀಗಿರುವಾಗ ಒಂದು ದಿನ ಟಪಾಲಿನ ರಾಯಪ್ಪ ಸೈಕಲ್ ನಿಲ್ಲಿಸಿ ಗಂಟೆ ಬಾರಿಸಿದ. ಅವನು ಪೇಟೆಯವನು. ವಾರಕ್ಕೆ ಎರಡು ಸಲ ಆ ಊರಿಗೆ ಟಪಾಲು ತರುತ್ತಿದ್ದ. ಓದು ಬಾರದವರಿಗೆ ಓದಿ ಹೇಳುತ್ತಿದ್ದ, ಅಳುವವರು ಅತ್ತು ಮುಗಿಸುವ ತನಕ ನಿಲ್ಲುತ್ತಿದ್ದ.

"ನಿನ್ನ ಮಗಳ ಕಾಗದ, ಹಾಲಕ್ಕಾ" ಎಂದು ಓದಿದ. "ಅವ್ವಾ, ನಿನ್ನ ಮುಖ ನನಗ ಮರ್ತಂಗ ಆಗೇತಿ. ನಿನ್ನ ದನಿ ನೆನಪೈತಿ, ಕೈ ನೆನಪೈತಿ, ಮುಖ ಮಾತ್ರ ಕಣ್ಣಿಗೆ ಬರವಲ್ದು. ಕಣ್ಣು ಮುಚ್ಚಿದ್ರೂ ಬರವಲ್ದು. ನಿಂದಾದ್ರೂ ತಮ್ಮಂದಾದ್ರೂ ಒಂದು ಫೋಟೋ ತಗಸಿ ಕಳಿಸು. ಮಗ್ಗದ ಮುಂದ ಇಟ್ಕೊಂತೀನಿ."

ಹಾಲವ್ವ ಕೈಯಲ್ಲಿದ್ದ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಆಕೆಗೆ ಮೊಣಕಾಲು ಹಿಡಿದಿತ್ತು. ಓಣಿ ದಾಟುವುದೇ ಕಷ್ಟ, ಪೇಟೆ ನಾಲ್ಕು ಮೈಲಿ. ನಾನಂತೂ ಹೋಗಲಾರೆ, ಮಗ ಹೋಗಲಿ, ನನ್ನ ಮುಖ ಅವನಲ್ಲಿದೆ ಎಂದುಕೊಂಡಳು. ಅದು ನಿಜ. ತಿರಕಪ್ಪ ತಾಯಿಯ ಮುಖ ಇಳಿಸಿಕೊಂಡೇ ಹುಟ್ಟಿದ್ದ. ಅದೇ ಮೂಗು, ಅದೇ ಗಲ್ಲ, ಅದೇ ಸಣ್ಣ ಕಣ್ಣು.

"ತಿರಕಪ್ಪಾ, ನಾಳಿ ಪ್ಯಾಟಿಗೆ ಹೋಗು. ಅಲ್ಲಿ ಮೌಲಾಸಾಬ ಅಂತ ಫೋಟೋ ತಗಿಯಾವ ಅದಾನ. ಅಕ್ಕಗ ಕಳಸಾಕ ಒಂದು ಫೋಟೋ ತಗಸ್ಕೊಂಡು ಬಾ."

"ಆತವ್ವಾ. ಏನು ಹಾಕ್ಕೊಂಡು ಹೋಗ್ಲಿ?"

"ಪೆಟಗ್ಯಾಗ ಛಲೋ ಛಲೋ ಅರಿವಿ ಅದಾವಲ್ಲ, ಹಾಕ್ಕೊಂಡು ಹೋಗು."

ಮರುದಿನ ಹಾಲವ್ವ ಕೌದಿ ಕೊಡಲು ಪಕ್ಕದ ಮನೆಗೆ ಹೋಗಿದ್ದಾಗ ತಿರಕಪ್ಪ ಪೆಟ್ಟಿಗೆ ತೆಗೆದ. ಛಲೋ ಅರಿವೆ ಯಾವುವು? ಎಲ್ಲವೂ ಛಲೋ. ಅಪ್ಪನ ಎರಡು ಅಂಗಿ ಹಾಕಿಕೊಂಡ. ಮೇಲೆ ತನ್ನ ಅಂಗಿ ಹಾಕಿಕೊಂಡ. ಅದರ ಮೇಲೆ ಅಪ್ಪನ ಮದುವೆಯ ಕರಿಕೋಟು ಹಾಕಿಕೊಂಡ. ಮೂರು ಧೋತ್ರ ಒಂದರ ಮೇಲೊಂದು ಉಟ್ಟ. ಅಕ್ಕ ಚಿಕ್ಕವಳಿದ್ದಾಗಿನ ರೇಷ್ಮೆ ಲಂಗ ಕೊರಳಿಗೆ ಸುತ್ತಿದ, ತಲೆಗೆ ಪಟಕಾ ಬಿಗಿದ, ಪಟಕದ ಮೇಲೆ ತಾನು ಕೂಸಿದ್ದಾಗಿನ ಕುಲಾಯಿ ಕಟ್ಟಿದ. ಪೆಟ್ಟಿಗೆಯ ತಳದಲ್ಲಿ ಜಿರಲೆ ಗುಳಿಗೆ ಉಳಿದಿದ್ದವು. ಅವನ್ನೂ ಜೇಬಿಗೆ ಹಾಕಿಕೊಂಡ. ಹೊರಟ.

ಮೌಲಾಸಾಬನ ಸ್ಟುಡಿಯೋ ಎಂದರೆ ಒಂದು ಸ್ಟೂಲು, ಅರಮನೆಯ ಚಿತ್ರ ಬರೆದ ಒಂದು ಪರದೆ, ಒಂದು ಕನ್ನಡಿ, ಹಣಿಗೆ, ಪೌಡರ್ ಡಬ್ಬಿ. ಬರಿಮೈಯಲ್ಲಿ ಬಂದವರಿಗೂ ಇರಲಿ ಎಂದು ಗೂಟಕ್ಕೆ ಒಂದು ಕೋಟು. ತಿರಕಪ್ಪ ಬಾಗಿಲಲ್ಲಿ ಹಿಡಿಯದೆ ಅಡ್ಡವಾಗಿ ಒಳಗೆ ಬಂದ. ಮೌಲಾಸಾಬ ಸುತ್ತ ಒಂದು ಸಲ ತಿರುಗಿ ನೋಡಿದ.

"ಇದರಾಗ ನೀ ಎಲ್ಲಿದ್ದೀಯೋ ತಮ್ಮಾ? ಮೊದಲ ಹೊರಗ ಬಾ."

ತಿರಕಪ್ಪ ಬಾಗಿಲು ದಾಟಿ ಹೊರಗೆ ಹೋಗಿ ನಿಂತ.

"ಅಲ್ಲಿಂದಲ್ಲೋ ಮಾರಾಯಾ, ಅರಿವ್ಯಾಗಿಂದ ಹೊರಗ ಬಾ. ಫೋಟೋದಾಗ ಬರೂದು ಎದಿ ಮಟ ಅಷ್ಟ. ಒಂದು ಅಂಗಿ ಸಾಕು."

ಒಂದೊಂದಾಗಿ ಬಿಚ್ಚುವಷ್ಟರಲ್ಲಿ ಹೊತ್ತು ಇಳಿದು ಒಳಗೆ ಬೆಳಕು ಸಾಲದಾಯಿತು. ಇವತ್ತು ಆಗಲಿಲ್ಲ, ಇನ್ನೊಂದು ದಿನ ಬಾ ಎಂದು ಮೌಲಾಸಾಬ ಗಂಟು ಕಟ್ಟಿಕೊಟ್ಟ. ಗಂಟು ಹೊತ್ತು ಮನೆಗೆ ಬಂದ ಮಗನನ್ನು ಹಾಲವ್ವ ಬೈದಳು. "ಯಪ್ಪಾ ತಿರಕಪ್ಪಾ, ನಿನ್ನ ಏನು ಮಾಡ್ಲೋ ನಾನು? ಅಲ್ಲಿ ನಿನ್ನ ಅಕ್ಕ ದಿನಾ ಎಣಸ್ಕೊಂತ ಕುಂತಾಳ. ಫೋಟೋದಾಗ ಕಾಣೂವಷ್ಟು ಹಾಕ್ಕೊಬೇಕು, ಹೆಚ್ಚಿಗಿ ಹಾಕ್ಕೊಬಾರ್ದು. ತಿಳೀತಿಲ್ಲೋ?"

"ತಿಳೀತವ್ವಾ. ನೀ ಹೆಂಗ ಹೇಳ್ತಿ ಹಂಗ ಮಾಡ್ತೀನಿ."

ಎರಡನೇ ಸಲ ಹೊರಟ. ಫೋಟೋದಲ್ಲಿ ಕಾಣುವುದು ಎದೆಯ ಮಟ. ಹಾಗಾಗಿ ಒಂದು ಅಂಗಿ ಹಾಕಿಕೊಂಡ, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದ. ಎದೆಯಿಂದ ಕೆಳಗೆ ಕಾಣುವುದಿಲ್ಲ. ಹಾಗಾಗಿ ಧೋತ್ರ ಉಡಲಿಲ್ಲ. ಒಂದು ಲಂಗೋಟಿ, ಮೇಲೆ ಒಂದು ಅಂಗಿ, ಅದೂ ಹೊಟ್ಟೆಯ ತನಕ ಮಾತ್ರ ಬರುವ ಅಂಗಿ. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದು ಬಿಟ್ಟು ಅತ್ತ ಮುಖ ತಿರುಗಿಸಿದರು. ಎದುರು ಬಂದ ಗಾಡಿಯವನು ಎತ್ತು ನಿಲ್ಲಿಸಿದ.

"ಧೋತ್ರ ಎಲ್ಲೋ ತಿರಕಪ್ಪಾ?"

"ಫೋಟೋದಾಗ ಬರಂಗಿಲ್ಲ ಕಾಕಾ."

"ಫೋಟೋದಾಗ ಬರಂಗಿಲ್ಲ ಖರೆ, ರಸ್ತೆದಾಗ ಬರತೈತಲ್ಲೋ."

ತಿರಕಪ್ಪ ಕೆಳಗೆ ನೋಡಿಕೊಂಡ. ರಸ್ತೆಯಲ್ಲಿ ಯಾರೂ ಫೋಟೋ ತೆಗೆಯುತ್ತಿರಲಿಲ್ಲ. ಮುಂದೆ ನಡೆದ. ಪೇಟೆಯ ಬಾಯಲ್ಲೇ ಗಾಣದವನೊಬ್ಬ ಅವನನ್ನು ಹಿಡಿದು, ಸೊಂಟಕ್ಕೆ ಹಿಂಡಿಯ ಚೀಲ ಸುತ್ತಿ, ಹಗ್ಗ ಬಿಗಿದು, ಬಂದ ದಾರಿಗೆ ತಿರುಗಿಸಿ ಬಿಟ್ಟ. ಸ್ಟುಡಿಯೋದ ಬಾಗಿಲು ಸಹ ಅವತ್ತು ಅವನಿಗೆ ಕಾಣಲಿಲ್ಲ.

ಹಾಲವ್ವ ನಗಲಿಲ್ಲ. ಓಣಿಯೆಲ್ಲ ನಗುತ್ತಿತ್ತು, ಆಕೆ ನಗಲಿಲ್ಲ. ಮಗಳ ಕಾಗದವನ್ನು ಗೂಡಿನಿಂದ ತೆಗೆದು, ಓದಲು ಬಾರದಿದ್ದರೂ ಒಮ್ಮೆ ಬಿಡಿಸಿ ನೋಡಿ ಮತ್ತೆ ಮಡಚಿಟ್ಟಳು. ಹದಿನೈದು ದಿನವಾಗಿತ್ತು.

"ಯಪ್ಪಾ ತಿರಕಪ್ಪಾ, ನಿನ್ನ ಏನು ಮಾಡ್ಲೋ ನಾನು? ನೀನಾಗೇ ಏನೂ ವಿಚಾರ ಮಾಡಬ್ಯಾಡ. ದಾರ್ಯಾಗ ಯಾರಿಗೆ ಮಂದಿ ಕೈ ಮುಗೀತಾರ ನೋಡು. ಅವರು ಮರ್ಯಾದಸ್ತರು. ಅವರು ಹೆಂಗ ಹಾಕ್ಕೊಂಡಿರ್ತಾರ ಹಂಗ ಹಾಕ್ಕೊ."

"ಆತವ್ವಾ. ನೀ ಹೆಂಗ ಹೇಳ್ತಿ ಹಂಗ ಮಾಡ್ತೀನಿ."

ಮೂರನೇ ಸಲ ಹೊರಟ. ಈ ಸಲ ಧೋತ್ರವನ್ನೂ ಉಟ್ಟಿದ್ದ, ಹಾಲವ್ವ ಕಣ್ಣಾರೆ ನೋಡಿಯೇ ಕಳಿಸಿದಳು. ದಾರಿಯಲ್ಲಿ ಯಾರಿಗೆ ಮಂದಿ ಕೈ ಮುಗಿಯುತ್ತಾರೆ ಎಂದು ನೋಡುತ್ತ ನಡೆದ. ಊರಗೌಡರು ಕುದುರೆಯ ಮೇಲೆ ಬಂದರು, ಯಾರೂ ಕೈ ಮುಗಿಯಲಿಲ್ಲ. ಶಾಲೆಯ ಮಾಸ್ತರರು ಬಂದರು, ಹುಡುಗರು ಮರದ ಹಿಂದೆ ಅಡಗಿದರು. ಪೇಟೆಯ ಹತ್ತಿರ ಬಂದಾಗ ಹಗಲುವೇಷದವರ ಗುಂಪು ಮನೆ ಮನೆಗೆ ಹೋಗುತ್ತಿತ್ತು. ಹನುಮಂತನ ವೇಷದವನು ಮುಂದೆ. ಮುದುಕಿಯರು ಹೊಸಿಲ ಒಳಗಿಂದಲೇ ಅವನಿಗೆ ಕೈ ಮುಗಿದು ಮೊರದಲ್ಲಿ ಜೋಳ ತಂದರು. ಇವರೇ ಮರ್ಯಾದಸ್ತರು ಎಂದು ತಿರಕಪ್ಪ ಅವರ ಹಿಂದೆ ಬಿದ್ದ.

"ನನಗೂ ಹಂಗ ಮಾಡ್ರಿ, ಅಕ್ಕಗ ಫೋಟೋ ಕಳಸಬೇಕು" ಎಂದು ಗೋಗರೆದ. ವೇಷದವರು ಒಳ್ಳೆಯ ಮಂದಿ. ಉಳಿದ ಬಣ್ಣ ಇವನ ಮುಖಕ್ಕೆ ಬಳಿದರು, ದವಡೆಗೆ ಬಟ್ಟೆಯ ಉಂಡೆ ತುರುಕಿದರು, ಹಗ್ಗದ ಬಾಲ ಕಟ್ಟಿ ಅರ್ಧ ತಾಸಿಗೆ ಎಂದು ಗದೆಯನ್ನೂ ಕೊಟ್ಟರು. ಮೌಲಾಸಾಬನಿಗೆ ಇವನು ಯಾರೆಂದು ಗುರುತು ಹತ್ತಲಿಲ್ಲ. ಕಲಾವಿದರು ಬಂದರು ಎಂದು ಸ್ಟೂಲು ಒರೆಸಿ ಕೂರಿಸಿದ, ಗದೆ ಹೀಗೆ ಹಿಡಿಯಿರಿ ಎಂದ, ಬಾಲ ಮುಂದೆ ಬರಲಿ ಎಂದ. ಕರಿಬಟ್ಟೆಯ ಒಳಗೆ ತಲೆ ಹಾಕಿ ಫೋಟೋ ತೆಗೆದೇಬಿಟ್ಟ. ತಿರಕಪ್ಪ ಗದೆ, ಬಾಲ ವೇಷದವರಿಗೆ ಮರಳಿ ಕೊಟ್ಟು, ಮುಖ ತೊಳೆದುಕೊಂಡು ಮನೆಗೆ ಬಂದ.

ಫೋಟೋ ಬರಲು ನಾಲ್ಕು ದಿನ. ಆ ನಾಲ್ಕು ದಿನ ಹಾಲವ್ವನ ಮುಖ ನೀವು ನೋಡಬೇಕಿತ್ತು. ಮಗ ಫೋಟೋ ತೆಗೆಸಿಕೊಂಡು ಬಂದ ಎಂದು ಓಣಿಯವರಿಗೆಲ್ಲ ಹೇಳಿದಳು. ಅದನ್ನು ಸುತ್ತಿ ಕಳಿಸಲು ಒಳ್ಳೆಯ ಅರಿವೆಯ ತುಂಡು ಆರಿಸಿ, ಅಂಚು ಹೊಲಿದು ಸಣ್ಣ ಚೀಲ ಮಾಡಿದಳು. ಮಗಳು ಮಗ್ಗದ ಮುಂದೆ ಅದನ್ನಿಟ್ಟುಕೊಂಡು ತಮ್ಮನ ಗಲ್ಲ ಸವರುವುದನ್ನು ಕಣ್ಣು ಮುಚ್ಚಿ ಕಂಡಳು. ನಾಲ್ಕನೇ ದಿನ ತಿರಕಪ್ಪ ಫೋಟೋ ತಂದು ಕೈಯಲ್ಲಿಟ್ಟ. ಹಾಲವ್ವ ಬೆಳಕಿಗೆ ಹಿಡಿದಳು. ಹನುಮಂತ. ಉಬ್ಬಿದ ದವಡೆ, ಹೆಗಲ ಮೇಲೆ ಗದೆ, ಮುಂದಕ್ಕೆ ಬಂದ ಬಾಲ. ಮಗ ಎಲ್ಲಿಯೂ ಇಲ್ಲ. ಪಕ್ಕದ ಮನೆಯಾಕೆ ಇಣುಕಿ ನೋಡಿ ಕೈ ಮುಗಿದು ಹೋದಳು.

ಅವತ್ತು ಹಾಲವ್ವ ಬೈಯಲಿಲ್ಲ, ಅತ್ತಳು. ಅತ್ತು ಮುಗಿಸಿ ಹೇಳಿದಳು.

"ಯಪ್ಪಾ ತಿರಕಪ್ಪಾ, ಆಕಿಗೆ ದೇವರು ಬ್ಯಾಡೋ. ದೇವರ ಫೋಟೋ ಆ ಊರಾಗೂ ಸಿಗ್ತಾವು. ಆಕಿ ಯಾರನ್ನ ನೋಡಬೇಕಂತ ಅಲ್ಲಿ ಕುಂತು ಅಳಾಕ ಹತ್ಯಾಳೋ, ಅವರ ಹಂಗ ಹೋಗಿ ಕುಂದ್ರು. ಫೋಟೋ ನೋಡಿದ ಕೂಡಲೆ, ಇವರ, ಇವರನ್ನ ನಾ ನೋಡಬೇಕಂದಿದ್ದೆ ಅನಬೇಕು ಆಕಿ. ಹಂಗ ಹಾಕ್ಕೊಂಡು ಹೋಗು."

ಈ ಸಲ ತಿರಕಪ್ಪ ಆತವ್ವಾ ಎಂದು ತಟ್ಟನೆ ಎದ್ದು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತ. ಮರುದಿನ ಬೆಳಗಿನ ತನಕ ವಿಚಾರ ಮಾಡಿದ. ಅವನ ಆಯುಷ್ಯದಲ್ಲಿ ವಿಚಾರ ಅಂತ ಮಾಡಿದ್ದು ಅದೊಂದೇ ಸಲ. ಆಮೇಲೆ ಸೂಜಿಗೆ ದಾರ ಪೋಣಿಸುತ್ತಿದ್ದ ತಾಯಿಯ ಹತ್ತಿರ ಬಂದು ಕೇಳಿದ.

"ಯವ್ವಾ, ಅಕ್ಕ ಯಾರನ್ನ ನೋಡಬೇಕಂತ ಅಳ್ತಾಳ?"

"ನನ್ನನ್ನಪ್ಪಾ, ಮತ್ಯಾರನ್ನ?" ಎಂದಳು ಹಾಲವ್ವ, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡುತ್ತ.

ಕೇಳಿದಿರಲ್ಲ. ಇನ್ನೇನು ಉಳಿಯಿತು. ಹಿತ್ತಿಲಲ್ಲಿ ಒಣಹಾಕಿದ್ದ ಹಾಲವ್ವನ ಸೀರೆ, ಕುಪ್ಪಸ ಮಡಚಿ ಕಂಕುಳಲ್ಲಿಟ್ಟುಕೊಂಡು, ಅರ್ಧ ಹೊಲಿದ ಒಂದು ಕೌದಿಯ ತುಂಡನ್ನೂ ತೆಗೆದುಕೊಂಡು ತಿರಕಪ್ಪ ಪೇಟೆಗೆ ಹೋದ. ಮೊದಲು ಹೋದದ್ದು ಕ್ಷೌರದ ಅಂಗಡಿಗೆ. ಇಪ್ಪತ್ತಮೂರು ವರ್ಷದ ಗಂಡಸು, ಮೂಗಿನ ಕೆಳಗೆ ದಪ್ಪ ಮೀಸೆ. ತಾಯಿಗೆ ಮೀಸೆ ಎಲ್ಲಿಯದು?

"ಮೀಸಿ ಪೂರಾ ತಗದುಬಿಡ್ರಿ" ಎಂದ.

ನಿಮಗೆ ಗೊತ್ತಿರಲಿ, ಅವರ ಮಂದಿಯಲ್ಲಿ ಗಂಡುಮಗ ಮೀಸೆ ಬೋಳಿಸುವುದು ಹೆತ್ತವರು ತೀರಿಕೊಂಡಾಗ ಮಾತ್ರ. ಕ್ಷೌರದ ಭರಮಪ್ಪ ಕತ್ತಿ ಮಸೆಯುವುದನ್ನು ನಿಲ್ಲಿಸಿ ಮೆಲ್ಲಗೆ ಕೇಳಿದ.

"ಯಾರ ಸಲುವಾಗೋ ತಮ್ಮಾ?"

"ಅವ್ವನ ಸಲುವಾಗಿ."

ಭರಮಪ್ಪ ಬೆಚ್ಚಗಿನ ನೀರು ಹಚ್ಚಿ ಮೀಸೆ ತೆಗೆದ, ಭುಜದ ಮೇಲೆ ಕೈಯಿಟ್ಟು, "ಎಲ್ಲಾರಿಗೂ ಇದ್ದದ್ದ ಐತಪಾ, ಧೈರ್ಯ ತಗೋ" ಎಂದ. ಪೇಟೆಯವರು ಇಷ್ಟು ಒಳ್ಳೆಯವರು ಎಂದು ತಿರಕಪ್ಪನಿಗೆ ಗೊತ್ತೇ ಇರಲಿಲ್ಲ.

ಸ್ಟುಡಿಯೋದ ಪರದೆಯ ಹಿಂದೆ ಸೀರೆ ಉಟ್ಟ. ದಿನಾ ನೋಡುತ್ತಿದ್ದ ಉಡಿಗೆಯಲ್ಲವೇ, ನಿರಿಗೆ ತಾಯಿ ಹಿಡಿದ ಹಾಗೇ ಹಿಡಿದ, ಸೆರಗು ತಾಯಿ ಹೊದ್ದ ಹಾಗೇ ತಲೆಯ ಮೇಲೆ ಹೊದ್ದ. ಸ್ಟೂಲಿನ ಮೇಲೆ ಕೂತು, ಕೌದಿಯ ತುಂಡನ್ನು ತೊಡೆಯ ಮೇಲೆ ಹರಡಿ, ಸೂಜಿ ಹಿಡಿದು, ತಲೆ ಎತ್ತಿ ನೋಡಿದ. ಮೌಲಾಸಾಬ ನಗಬೇಕೆಂದು ಬಾಯಿ ತೆಗೆದವನು ನಗಲಿಲ್ಲ. ಯಾರೋ ಮುದುಕಿ ಯಾರದೋ ದಾರಿ ನೋಡುತ್ತ ಕೂತ ಹಾಗೆ ಅವನಿಗೆ ಕಂಡಿತು. "ಹಂಗ ಇರವ್ವಾ, ಅಲ್ಲಾಡಬ್ಯಾಡ" ಎಂದು ಅವನೂ ಅಂದುಬಿಟ್ಟ.

ಸೀರೆ ಬಿಚ್ಚಿ ಮಡಚಿ ಕೈಯ ಮೇಲೆ ಹಾಕಿಕೊಂಡು ಹೊರಗೆ ಬಂದಾಗ ಎದುರಿಗೆ ಟಪಾಲಿನ ರಾಯಪ್ಪ. ಅವನು ತಿರಕಪ್ಪನ ಬೋಳು ತುಟಿ ನೋಡಿದ, ಕೈಯ ಮೇಲಿನ ಸೀರೆ ನೋಡಿದ, ಸೈಕಲ್ಲಿನಿಂದ ಇಳಿದ.

"ತಿರಕಪ್ಪಾ, ಹಾಲಕ್ಕ...?"

"ಅವ್ವಂದು ಫೋಟೋ ಮಾಡಿಸಿದೆ ಈಗ."

ಅಲ್ಲಿ ಮುದುಕರ ಫೋಟೋ ಮಾಡಿಸುವುದು ಯಾವಾಗ ಎಂದು ನಾನು ಹೇಳಬೇಕೆ. ಗೋಡೆಗೆ ಹಾಕಿ ಮಾಲೆ ಏರಿಸುವಾಗ. ರಾಯಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದ.

"ಅಕ್ಕಗ ತಿಳಿಸೀರೇನೋ?"

"ಇಲ್ರಿ. ಅಕ್ಕಗ ತಿಳೀಬೇಕಂತನ ಇಷ್ಟೆಲ್ಲಾ ಮಾಡೂದು."

"ನೀ ಮನಿಗೆ ನಡಿ. ಅಕ್ಕಗ ತಿಳಿಸೂದು ನನಗ ಬಿಡು" ಎಂದ ರಾಯಪ್ಪ. ಕಣ್ಣು ಒರೆಸಿಕೊಂಡು ಟಪಾಲು ಕಚೇರಿಗೆ ಹೋಗಿ ತಾನೇ ತಂತಿ ಹೊಡೆದ. ತಾಯಿ ತೀರಿದಳು, ಕೂಡಲೆ ಹೊರಡು.

ಮನೆಯಲ್ಲಿ ಹಾಲವ್ವ ಸೀರೆ ಹುಡುಕುತ್ತಿದ್ದಳು. ಸೀರೆಯ ಜೊತೆ ಮೀಸೆಯಿಲ್ಲದ ಮಗ ಬಂದ. ನಡೆದದ್ದೆಲ್ಲ ಹೇಳಿದ. ಹಾಲವ್ವ ಹೊಡೆಯಲು ಕೈ ಎತ್ತಿದಳು, ಎತ್ತಿದ ಕೈ ಹಾಗೇ ನಿಂತಿತು. ಕನ್ನಡಿಯಲ್ಲಿ ಕಾಣುವ ಮುಖ ಎದುರಿಗೆ ನಿಂತಿದ್ದರೆ ಹೊಡೆಯುವುದು ಹೇಗೆ.

"ಮೀಸಿ ತಗಿಸಿದ್ರ ಮಂದಿ ನಾ ಸತ್ತೆ ಅಂತಾರೋ, ಖೋಡಿ."

"ಯಾರೂ ಹಂಗ ಅನಲಿಲ್ಲವ್ವಾ. ಎಲ್ಲಾರೂ ಭಾಳ ಪ್ರೀತೀಲೆ ಮಾತಾಡಿಸಿದ್ರು."

ಮರುದಿನ ಟಪಾಲಿನ ದಿನ. ರಾಯಪ್ಪ ಸಪ್ಪೆ ಮುಖ ಮಾಡಿಕೊಂಡು, ಗಂಟೆ ಬಾರಿಸದೆ ಓಣಿಗೆ ಬಂದ. ಕಟ್ಟೆಯ ಮೇಲೆ ಹಾಲವ್ವ ಕೂತು ಕೌದಿ ಹೊಲಿಯುತ್ತಿದ್ದಳು. ರಾಯಪ್ಪ ಸೈಕಲ್ ಸಮೇತ ಗಟಾರಕ್ಕೆ ಬಿದ್ದ. ಎಬ್ಬಿಸಿ, ನೀರು ಕುಡಿಸಿ, ತಿರಕಪ್ಪ ಗಾಳಿ ಹಾಕಿದ ಮೇಲೆ ತಂತಿಯ ಸುದ್ದಿ ಹೊರಬಿತ್ತು.

"ತಪ್ಪಾತು ಹಾಲಕ್ಕಾ, ಹೊಟ್ಟಿಗೆ ಹಾಕ್ಕೊ. ತಂತಿ ಇವತ್ತು ಮುಂಜಾನೆ ಮುಟ್ಟಿರತೈತಿ. ರೈಲು ಇರೂದು ರಾತ್ರಿಗೆ. ಈಗಿಂದೀಗ ಹೋಗಿ, ತಾಯಿ ಜೀವಂತ ಅದಾಳ, ಬರಬ್ಯಾಡ ಅಂತ ಇನ್ನೊಂದು ಹೊಡದ್ರ ಸಂಜಿಗೆ ಮುಟ್ಟತೈತಿ. ಹೊರಡೂದು ನಿಂತು ಹೋಕ್ಕೈತಿ."

ಹಾಲವ್ವ ಸೂಜಿ ನಿಲ್ಲಿಸಿದಳು. ರಾಯಪ್ಪ ಸೈಕಲ್ ನೆಟ್ಟಗೆ ಮಾಡಿಕೊಂಡು ಕಾಲು ಹಾಕಿ ನಿಂತಿದ್ದ.

"ನಾಳಿ ಹೊಡಿ, ರಾಯಪ್ಪಾ" ಎಂದಳು.

ತಪ್ಪು ಅನ್ನುವವರು ಅನ್ನಿ. ಮಗಳು ಎರಡು ರೈಲಿನಲ್ಲಿ ಅಳುತ್ತ ಬರಬೇಕು ಎಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು. ಒಂಬತ್ತು ವರ್ಷ ಮಗಳ ಮುಖ ಕಾಣದೆ ಕೂತವರು ಯಾರಾದರೂ ಇಲ್ಲಿದ್ದರೆ ಅವರು ತೀರ್ಪು ಹೇಳಲಿ, ಉಳಿದವರು ಹೂಂ ಅಂದರೆ ಸಾಕು. ರಾಯಪ್ಪ ಪೇಟೆಗೆ ಹೋದ. ಮರುದಿನವೂ ಅವನು ತಂತಿ ಹೊಡೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹಾಲವ್ವ ಮಗನನ್ನು ಕರೆದಳು. "ಅಕ್ಕ ಇವತ್ತು ಬರ್ತಾಳ. ನೀ ಊರ ಮುಂದ ಹೋಗಿ ನಿಂದ್ರು. ಒಮ್ಮಿಂದೊಮ್ಮೆಲೆ ಹೇಳಬ್ಯಾಡ, ಆಕಿ ಎದಿ ಒಡಕೊಂತಾಳ. ಸಾವಕಾಶ ಹೇಳು."

"ಆತವ್ವಾ. ನೀ ಹೆಂಗ ಹೇಳ್ತಿ ಹಂಗ ಮಾಡ್ತೀನಿ."

ಕೆಂಚವ್ವ ಊರಬಾಗಿಲ ಅಗಸಿಯಿಂದಲೇ ಹಾಡಿಕೊಂಡು ಅಳುತ್ತ ಬಂದಳು. ನನ್ನ ಹಡದವ್ವಾ, ನನ್ನ ದಾರಿ ಕಾಯದ ಹೋದೆಲ್ಲ, ನನ್ನ ಪಾಲಿನ ಉಂಡಿ ಯಾರಿಗಿಟ್ಟೆ ಎಂದು ಎದೆ ಬಡಿದುಕೊಂಡಳು. ತಮ್ಮನ ಬೋಳು ತುಟಿ ಕಂಡದ್ದೇ ಅವನ ಕೊರಳಿಗೆ ಬಿದ್ದಳು. ತಿರಕಪ್ಪ ಸಾವಕಾಶ ಹೇಳತೊಡಗಿದ. "ಅ..." ಎಂದ. ಹತ್ತು ಹೆಜ್ಜೆ ನಡೆದ ಮೇಲೆ "ವ್ವ..." ಎಂದ. ತಮ್ಮನಿಗೆ ದುಃಖದಲ್ಲಿ ಮಾತೇ ಹೊರಡುತ್ತಿಲ್ಲ ಎಂದು ಆಕೆ ಇನ್ನೂ ಜೋರಾಗಿ ಅತ್ತಳು. ಓಣಿಯ ತಿರುವಿಗೆ ಬರುವಷ್ಟರಲ್ಲಿ ಅವನಿನ್ನೂ "ಜೀ..." ಎನ್ನುತ್ತಿದ್ದ.

ಆ ತಿರುವಿಗೆ ಎದುರಾಗಿ ಹಾಲವ್ವ ಬಂದಳು. ಓಣಿ ದಾಟಲಾರದವಳು ಹೇಗೆ ಬಂದಳೋ ಆಕೆಗೂ ಗೊತ್ತಿಲ್ಲ. ಕೆಂಚವ್ವನ ಅಳು ಬಾಯಲ್ಲೇ ನಿಂತಿತು. ತಾಯಿಯ ಕೈ ಮುಟ್ಟಿದಳು, ಗಲ್ಲ ಮುಟ್ಟಿದಳು, ಮೂಗು ಮುಟ್ಟಿದಳು. ಕುರುಡರು ಮುಟ್ಟುತ್ತಾರಲ್ಲ, ಹಾಗೆ ಮುಖವೆಲ್ಲ ಮುಟ್ಟಿದಳು.

"ಹೌದವ್ವಾ, ಹಿಂಗ ಇತ್ತು ನಿನ್ನ ಮುಖ. ಈಗ ನೆನಪಾತು" ಎಂದಳು.

"ವಂತ ಅದಾಳ" ಎಂದು ಹಿಂದಿನಿಂದ ತಿರಕಪ್ಪ ಹೇಳಿ ಮುಗಿಸಿದ.

ಕೆಂಚವ್ವ ಐದು ದಿನ ಇದ್ದಳು. ತಾಯಿಗೆ ನೀರೆರೆದಳು, ತಲೆ ಬಾಚಿದಳು, ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಒಂದೇ ಕೌದಿಯನ್ನು ಇಬ್ಬರೂ ಆ ಕಡೆ ಈ ಕಡೆ ಕೂತು ಹೊಲಿದರು. ತಿರಕಪ್ಪ ಹೋಗಿ ಫೋಟೋ ತಂದ. ಅದನ್ನು ನೋಡಿ ಕೆಂಚವ್ವ, "ಯವ್ವಾ, ನೀ ಪ್ಯಾಟಿಗೆ ಯಾವಾಗ ಹೋಗಿದ್ದಿ?" ಅಂದಳು. ತಮ್ಮನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ನಕ್ಕಳು, ನಗುತ್ತ ನಗುತ್ತ ಅತ್ತಳು. "ಇದನ್ನ ನಾ ಒಯ್ತೀನಿ. ಇದರಾಗ ನೀವಿಬ್ರೂ ಅದೀರಿ" ಎಂದಳು.

ಹೊರಡುವ ದಿನ ಹಾಲವ್ವ ಬುತ್ತಿ ಕಟ್ಟುತ್ತ ಕೇಳಿದಳು. "ಮತ್ತ ಯಾವಾಗ ಕಳಸ್ತಾರವ್ವಾ?"

ಕೆಂಚವ್ವ ಬುತ್ತಿಯ ಗಂಟನ್ನು ತಾನು ತೆಗೆದುಕೊಂಡು ಬಿಗಿದಳು. "ಅವರು ಯಾವ ಹಬ್ಬಕ್ಕೂ ಕಳಸಂಗಿಲ್ಲವ್ವಾ. ಮಗ್ಗ ನಿಲ್ಲತಾವು ಅಂತಾರ. ಈ ಸಲ ಸಾವು ಅಂತ ಬಿಟ್ರು. ನೀ ಹೋದಿ ಅಂತ ನಾ ಹೇಳಬೇಕು ಅಲ್ಲಿ. ಜೀವಂತ ಅದಾಳ ಅಂದ್ರ ಸುಳ್ಳು ಹೇಳಿ ಬಂದಿ ಅಂತ ಹೊರಗ ಹಾಕ್ತಾರ."

"ಹಂಗಾದ್ರ ನಾ ಖರೇನ ಹೋದಾಗ?"

"ಒಂದು ಸಾವಿಗೆ ಎರಡು ಸಲ ಯಾರು ಕಳಸ್ತಾರವ್ವಾ."

ಹಾಲವ್ವ ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಇರ್ಲಿ ಬಿಡು. ಆಗ ಬಂದಿದ್ರ ನೀ ನನ್ನ ನೋಡ್ತಿದ್ದಿ, ನಾ ನಿನ್ನ ನೋಡ್ತಿದ್ದಿಲ್ಲ. ಈಗ ಇಬ್ರೂ ನೋಡಿದ್ವಿ."

ಕೆಂಚವ್ವ ಹೋದಳು. ಗಾಡಿ ಅಗಸಿ ದಾಟುವ ತನಕ ಹಾಲವ್ವ ಕಟ್ಟೆ ಹಿಡಿದು ನಿಂತಿದ್ದಳು. ಧೂಳು ಇಳಿದ ಮೇಲೂ ನಿಂತಿದ್ದಳು. ಮಗನ ಕಡೆ ನೋಡದೆ, ತನಗೆ ತಾನೇ ಅನ್ನುವ ಹಾಗೆ, "ಇನ್ನೊಂದ ಸಲ ಬರಬೇಕಿತ್ತು ನೋಡು ಆಕಿ" ಎಂದಳು.

ತಿರಕಪ್ಪ ಕೇಳಿಸಿಕೊಂಡ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಪೇಟೆಗೆ ಹೋಗಿ, ಕ್ಷೌರದ ಭರಮಪ್ಪನ ಕುರ್ಚಿಯಲ್ಲಿ ಕೂತ. ತುಟಿಯ ಮೇಲೆ ಇನ್ನೂ ಕುರುಚಲು ಅಷ್ಟೇ ಇತ್ತು.

"ಮೀಸಿ ತಗೀರಿ" ಎಂದ.

ಭರಮಪ್ಪ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟ. "ಈಗ ಯಾರು ಹೋದ್ರೋ ತಮ್ಮಾ?"

"ಯಾರೂ ಹೋಗಿಲ್ರಿ. ಅಕ್ಕ ಬರಬೇಕಾಗೇತಿ."

"ತಗಿಯಾಕ ಮೀಸಿ ಎಲ್ಲೈತೋ ಅಲ್ಲಿ?"

ತಿರಕಪ್ಪ ತುಟಿ ಮುಟ್ಟಿ ನೋಡಿಕೊಂಡ. ಕುರ್ಚಿಯಿಂದ ಎದ್ದು, ಬೇರೆಯವರಿಗೆ ಅಡ್ಡಿಯಾಗಬಾರದೆಂದು ಗೋಡೆಯ ಕಡೆಯ ಬೆಂಚಿನ ಮೇಲೆ ಕೂತ.

"ಬರ್ತೈತ್ರಿ. ಬರೂ ಮಟ ಇಲ್ಲೇ ಕುಂತಿರ್ತೀನಿ" ಎಂದ.